ಎಡಕ್ಕೆ ವಾಲಿದ ವೇಣಿ

ಭಾನುವಾರ, ಬೆಳಗಿನ ಐದೂವರೆ. ಅಥಣಿಯ ಅಂಚಿನ ಸಮಗಾರ ಓಣಿಯಲ್ಲಿ ಬೀದಿದೀಪಗಳಿನ್ನೂ ಆರಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಅಕ್ಕುತಾಯಿ ಹೊನಕಾಂಬಳೆ ಕಾಲು ಚಾಚಿ ಕೂತಿದ್ದಾರೆ. ಪಕ್ಕದ ಅಲ್ಯುಮಿನಿಯಂ ಬೋಗುಣಿಯಲ್ಲಿ ಮೇಕೆ ಚರ್ಮದ ಎಳೆಗಳು ನೆನೆದು ಮೆತ್ತಗಾಗಿವೆ. ಶಾವಿಗೆಗಿಂತ ತುಸು ದಪ್ಪ. ನಾಲ್ಕು ಎಳೆ ಎತ್ತಿ, ತುದಿಗೆ ಗಂಟು ಹಾಕಿ, ಆ ಗಂಟನ್ನು ಕಾಲಿನ ಹೆಬ್ಬೆರಳ ಸಂದಿಗೆ ಸಿಕ್ಕಿಸಿಕೊಳ್ಳುತ್ತಾರೆ. ಆಮೇಲೆ ಎಡಗೈ ಶುರುವಾಗುತ್ತದೆ. ಬಲಗೈ ಬಿಗಿ ಹಿಡಿದಿರುತ್ತದೆ ಅಷ್ಟೆ. ದಾಟಿಸುವುದು, ಮಡಚುವುದು, ಜಗ್ಗುವುದು ಎಲ್ಲ ಎಡಗೈಯದೇ. ಕಣ್ಣು ಮಾತ್ರ ರಸ್ತೆಯ ಮೇಲಿರುತ್ತದೆ, ಹಾಲಿನವನು ಬಂದನೇ ಎಂದು.

ಹೆಣೆಯುತ್ತಿರುವುದಕ್ಕೆ ಇಲ್ಲಿ ವೇಣಿ ಎನ್ನುತ್ತಾರೆ. ಚಪ್ಪಲಿಯ ಪಟ್ಟಿಯ ಮೇಲೆ ಕೂಡಿಸುವ ತೆಳ್ಳನೆಯ ಚರ್ಮದ ಜಡೆ. ಜಗತ್ತು ಕೊಲ್ಹಾಪುರಿ ಎಂದು ಕರೆಯುವ ಚಪ್ಪಲಿಯ ದೊಡ್ಡ ಪಾಲು ಹುಟ್ಟುವುದು ಅಥಣಿ, ನಿಪ್ಪಾಣಿ, ರಾಯಬಾಗದ ಇಂಥ ಓಣಿಗಳಲ್ಲಿ. ಅಟ್ಟೆ ಕತ್ತರಿಸುವವರು, ಹೊಲಿಯುವವರು ಗಂಡಸರು. ವೇಣಿ ಹೆಣೆಯುವವರು ಹೆಂಗಸರು. ದಿನಕ್ಕೆ ಆರು ಜೋಡಿ, ಕರೆಂಟು ಮತ್ತು ಕಣ್ಣು ಸಹಕರಿಸಿದರೆ ಏಳು. ಐವತ್ತನಾಲ್ಕು ವರ್ಷದ ಅಕ್ಕುತಾಯಿ ಹನ್ನೊಂದನೆಯ ವಯಸ್ಸಿನಿಂದ ಹೆಣೆಯುತ್ತಿದ್ದಾರೆ. ಒಟ್ಟು ಎಷ್ಟಾಗಿರಬಹುದು ಎಂದು ಕೇಳಿದರೆ ನಗುತ್ತಾರೆ. "ಜೋಡಿಸಿ ಹಾಸಿದ್ರ ಮೀರಜ ಮುಟ್ಟತೈತಿ ನೋಡ ತಂಗಿ. ಆದ್ರ ನಾ ಮೀರಜ ಕಂಡಿಲ್ಲ."

ಈ ಬೆಳಿಗ್ಗೆ ಅವರು ಹೆಣೆಯುತ್ತಿರುವುದು ಏಕಸಂಬಿಯ ಒಬ್ಬ ರೈತನ ಚಪ್ಪಲಿಗೆ. ಗೋಡೆಗೆ ಒರಗಿಸಿಟ್ಟ ದೊಡ್ಡ ಚೀಲದಲ್ಲಿ ಯುರೋಪಿನ ಅಂಗಡಿಯೊಂದರ ಕೆಲಸಕ್ಕೆಂದು ಕತ್ತರಿಸಿದ ಎಳೆಗಳಿವೆ. ಹತ್ತೊಂಬತ್ತು ದಿನಗಳಿಂದ ಆ ಚೀಲದ ಬಾಯಿ ಬಿಚ್ಚಿಲ್ಲ. ಬಿಚ್ಚುವುದಿಲ್ಲ ಎಂದು ಅಕ್ಕುತಾಯಿ ಹಟ ಹಿಡಿದಿದ್ದಾರೆ.

"ಇವತ್ತ ಮೂರಕ್ಕ ಸಂಘದ ಮೀಟಿಂಗ್ ಐತಿ," ಎನ್ನುತ್ತಾರೆ, ಎಳೆ ಜಗ್ಗುತ್ತಲೇ. "ನನ್ನ ಕೈ ಮಾರೂ ಮೀಟಿಂಗ. ಓಣ್ಯಾಗ ಗಂಡಸರನ್ನೆಲ್ಲಾ ಕರದಾರ. ನನ್ನನ್ನ ಬಿಟ್ಟು."

ಇದು ಅಲಂಕಾರದ ಮಾತಲ್ಲ. ಅಕ್ಷರಶಃ ನಿಜ.

ಅಕ್ಕುತಾಯಿ ಡಾವ್ರಿ. ಮರಾಠಿ ಬೆರೆತ ಇಲ್ಲಿಯ ಮಾತಿನಲ್ಲಿ ಎಡಗೈಯವಳು ಎಂದರ್ಥ. ಅದು ಹೆಸರೂ ಹೌದು, ಬೈಗುಳವೂ ಹೌದು. ಶಾಲೆಯಲ್ಲಿ ಎಡಗೈಯಿಂದ ಬರೆದದ್ದಕ್ಕೆ ಮಾಸ್ತರರು ಗೆಣ್ಣಿನ ಮೇಲೆ ಹೊಡೆದರು. ಮೂರನೆಯ ಇಯತ್ತೆಗೆ ಶಾಲೆ ಮುಗಿಯಿತು. ಮದುವೆಯಾಗಿ ಈ ಮನೆಗೆ ಬಂದಾಗ ಅತ್ತೆ ಪಂಕ್ತಿಯಲ್ಲಿ ಬಡಿಸಲು ಬಿಡಲಿಲ್ಲ. ಎಡಗೈಯಲ್ಲಿ ಹೆಣೆದ ವೇಣಿಯ ಎಳೆಗಳು ಎಡಕ್ಕೆ ವಾಲಿರುತ್ತವೆ, ಉಳಿದವರದು ಬಲಕ್ಕೆ. ದೊಡ್ಡ ವ್ಯಾಪಾರಿಗಳು ಅದನ್ನು ಬೆರಳಲ್ಲಿ ಎತ್ತಿ ಪಕ್ಕಕ್ಕೆ ಎಸೆಯುತ್ತಿದ್ದರು. ಡಾವ್ರಿ ಮಾಲು ಎಂದು ಅದಕ್ಕೇ ಒಂದು ಬೇರೆ ರಾಶಿ. ಆ ರಾಶಿ ಹಾರೂಗೇರಿಯ ಸಂತೆಗೆ ಹೋಗಿ, ವಾಲುವುದನ್ನು ನೋಡದೆ ಬಾಳಿಕೆ ನೋಡುವ ರೈತರ ಕಾಲಿಗೆ ಸೇರುತ್ತಿತ್ತು.

"ಬಲಗೈಲೇ ಹೆಣಿಯಾಕ ಹೋಗಿ ಒಂದ ವರ್ಷ ಅತ್ತೀನ್ರಿ," ಎಂದು ನೆನೆಯುತ್ತಾರೆ. "ಕೈ ಹೇಳಿದ್ದ ಕೇಳಲಿಲ್ಲ. ಕಡೀಕ ನಾನ ಕೈ ಹೇಳಿದ್ದ ಕೇಳಿದ್ನಿ."

ಎರಡು ವರ್ಷದ ಹಿಂದೆ ಮುಂಬೈನ ದಲ್ಲಾಳಿಯೊಬ್ಬರು ಓಣಿಗೆ ಬಂದರು. ವಿದೇಶದ ಅಂಗಡಿಗೆ ಮಾದರಿ ಬೇಕಾಗಿತ್ತು. ಒಳ್ಳೆಯ ಮಾಲನ್ನೆಲ್ಲ ಹರವಿ ತೋರಿಸಿದರೂ ಅವರು ಮೂಲೆಯ ಡಾವ್ರಿ ರಾಶಿಯಿಂದ ಒಂದು ಜೋಡಿ ಎತ್ತಿಕೊಂಡರು. "ಇದರಾಗ ಏನೋ ಬ್ಯಾರೆ ಐತಿ," ಎಂದರಂತೆ. ಏನು ಬೇರೆ ಎಂದು ಅವರಿಗೂ ಗೊತ್ತಿರಲಿಲ್ಲ, ಕೊಟ್ಟವರಿಗೂ ಗೊತ್ತಿರಲಿಲ್ಲ. ಆ ಜೋಡಿ ಸಮುದ್ರ ದಾಟಿತು. ಕಳೆದ ವರ್ಷ ನಾಲ್ಕು ನೂರು ಜೋಡಿಗೆ ಆರ್ಡರು ಬಂತು. ಚಪ್ಪಲಿ ತಯಾರಕರ ಸಂಘದವರು ಓಣಿಯ ಒಂಬತ್ತು ಹೆಂಗಸರಿಗೆ ವೇಣಿ ಹಂಚಿದರು. ಮಾಲು ಹೋಯಿತು. ತಿಂಗಳೊಪ್ಪತ್ತಿನಲ್ಲಿ ಮುಂಬೈನಿಂದಲೇ ಹೆಚ್ಚುಕಡಿಮೆ ಪೂರ್ತಿ ತಿರುಗಿ ಬಂತು. ಮಾದರಿಯಂತಿಲ್ಲ ಎಂಬ ಒಂದು ಸಾಲಿನ ಚೀಟಿಯೊಂದಿಗೆ. ಉಳಿದುಕೊಂಡದ್ದು ನಲವತ್ತಾರು ಜೋಡಿ ಮಾತ್ರ.

ಆ ಮೇಲಿನ ಆರು ದಿನದ ಕತೆಯನ್ನು ಓಣಿಯ ಹೆಂಗಸರು ಈಗಲೂ ಹೊಟ್ಟೆ ಹಿಡಿದುಕೊಂಡು ಹೇಳುತ್ತಾರೆ. ನಲವತ್ತು ವರ್ಷ ಕಸುಬು ಮಾಡಿದ ಗಂಡಸರು ಅಳತೆಪಟ್ಟಿ ಹಿಡಿದು ಅಟ್ಟೆ ಅಳೆದರು. ಹಿಮ್ಮಡಿಯ ದಪ್ಪ ಅಳೆದರು. ಬಣ್ಣ ಬದಲಿಸಿದರು. ಎಣ್ಣೆ ಬದಲಿಸಿದರು. ಹೊಲಿಗೆ ಬಿಚ್ಚಿ ಮತ್ತೆ ಹೊಲಿದರು. ಒಬ್ಬರೂ ವೇಣಿಯ ಕಡೆ ನೋಡಲಿಲ್ಲ. ವೇಣಿ ಹೆಂಗಸರ ಕೆಲಸ, ಅದರಲ್ಲಿ ನೋಡುವುದೇನಿದೆ? ಏಳನೆಯ ದಿನ ಪಕ್ಕದ ಮನೆಯ ದುಂಡವ್ವ, ಅವರೂ ವೇಣಿ ಹೆಣೆಯುವವರೇ, ನೀರು ತರಲು ಹೋಗುವಾಗ ರಾಶಿಯ ಮುಂದೆ ನಿಂತು, ಮಾದರಿಯ ಫೋಟೊ ನೋಡಿ ಹೇಳಿದರು: "ಏ ಶಾಣ್ಯಾರ್‍ಯಾ, ಇದು ಡಾವ್ರಿ ಕೈ ಐತಿ. ಅಕ್ಕುತಾಯಿದು. ನೀವು ಅಟ್ಟಿ ಅಳ್ಯಾಕತ್ತೀರಿ?"

ಉಳಿದುಕೊಂಡ ನಲವತ್ತಾರು ಜೋಡಿಯೂ ಅಕ್ಕುತಾಯಿ ಹೆಣೆದವೇ ಆಗಿದ್ದವು.

ಜೀವಮಾನವಿಡೀ ಪಕ್ಕಕ್ಕೆ ಎಸೆಯಿಸಿಕೊಂಡ ಕೈಗೆ ಒಂದೇ ದಿನದಲ್ಲಿ ಬೆಲೆ ಬಂತು ಎಂದು ಇಲ್ಲಿ ಬರೆಯಬಹುದಿತ್ತು. ಬರೆಯಲಾಗುವುದಿಲ್ಲ. ಬಂದದ್ದು ಬೆಲೆಯಲ್ಲ, ಕರಾರು ಪತ್ರ. ಕಳೆದ ತಿಂಗಳು ಐದು ಸಾವಿರ ಜೋಡಿಯ ಆರ್ಡರಿನ ಜತೆಗೆ ಹನ್ನೊಂದು ಪುಟದ ಇಂಗ್ಲಿಷ್ ಕಾಗದ ಬಂದಿದೆ. ಸೊಸೆ ಸಪನಾ ಪಿಯುಸಿ ಓದಿದವಳು. ಮೊಬೈಲಿನಲ್ಲಿ ಅನುವಾದಿಸುತ್ತ, ತಿಳಿಯದ ಪದಗಳಿಗೆ ಚಿಕ್ಕೋಡಿಯ ತನ್ನ ಕಾಲೇಜಿನ ಮೇಡಂಗೆ ಫೋನು ಮಾಡುತ್ತ, ಮೂರು ದಿನದಲ್ಲಿ ಅದನ್ನು ಓದಿ ಮುಗಿಸಿದಳು. ಎಂಟನೆಯ ಪುಟದಲ್ಲಿ ನಿಂತಳು.

"ಅತ್ತಿ, ಇಲ್ಲಿ ನೋಡ್ರಿ," ಎಂದಳಂತೆ. "ಎಡಕ್ಕ ವಾಲೂ ಈ ಹೆಣಿಕಿ ಇನ್ನ ಮ್ಯಾಲ ಆ ಅಂಗಡೀದ ಸ್ವತ್ತಂತ. ಏಳ ವರ್ಷ ಸಂಘದಾಗಿನ ಯಾರೂ, ಅವರ ಮನೀಯವರೂ, ಬ್ಯಾರೆ ಯಾರಿಗೂ ಇದನ್ನ ಹೆಣದ ಕೊಡಬಾರದಂತ."

ಅಕ್ಕುತಾಯಿಗೆ ಎಡಕ್ಕೆ ವಾಲದ ಹೆಣಿಕೆ ಬರುವುದೇ ಇಲ್ಲ. ಅಂದರೆ ಈ ಕಾಗದಕ್ಕೆ ಸಹಿ ಬಿದ್ದರೆ, ಏಕಸಂಬಿಯ ರೈತನಿಗೆ ಒಂದು ಜೋಡಿ ಹೆಣೆದುಕೊಟ್ಟರೂ ಅದು ತಪ್ಪು. ಹಾರೂಗೇರಿಯ ಸಂತೆಗೆ ಕಳಿಸಿದರೂ ತಪ್ಪು. ಅಂಗಡಿ ನಾಳೆ ಆರ್ಡರು ನಿಲ್ಲಿಸಿದರೆ, ಅರವತ್ತೊಂದರವರೆಗೆ ಆಕೆ ಕೈಕಟ್ಟಿ ಕೂರಬೇಕು. ದೂರದ ಯಾವುದೋ ಊರಿನ ವಕೀಲನೊಬ್ಬ, ಅಥಣಿ ನಕಾಶೆಯಲ್ಲಿ ಎಲ್ಲಿದೆ ಎಂದು ಗೊತ್ತಿಲ್ಲದವನು, ಒಬ್ಬ ಹೆಂಗಸಿನ ಹುಟ್ಟಿನೊಂದಿಗೆ ಬಂದ ಕೈಯನ್ನು ತನ್ನ ಧಣಿಯ ಹೆಸರಿಗೆ ಬರೆದಿದ್ದಾನೆ. ಆ ಕೈ ಒಬ್ಬ ಮನುಷ್ಯಳದು ಎಂಬುದೇ ಅವನಿಗೆ ತಿಳಿದಿರಲಿಕ್ಕಿಲ್ಲ. ಅವನಿಗದು ವಿನ್ಯಾಸ.

ಅದನ್ನು ತಿಳಿಸಬೇಕಾಗಿದ್ದವರು ಇಲ್ಲಿಯವರು. ಸಿಟ್ಟು ಇಮ್ಮಡಿಯಾಗುವುದು ಇಲ್ಲಿಯೇ. ಸಂಘ ಅಂಗಡಿಗೆ ಕಳಿಸಿದ ತಯಾರಕರ ಪಟ್ಟಿಯಲ್ಲಿ ನಲವತ್ತಮೂರು ಹೆಸರುಗಳಿವೆ. ಅಷ್ಟೂ ಗಂಡಸರವು. ಹೆಂಗಸರಿಗೆ ಬೇರೆ ಅಂಕಣವಿದೆ, ಸಹಾಯಕರು ಎಂದು. ಅದರಲ್ಲಿ ಹೆಸರುಗಳಿಲ್ಲ, ಬರೀ ಒಂಬತ್ತು ಎಂಬ ಅಂಕಿ. ಸಭೆಯಲ್ಲಿ ಕೂರುವುದು, ಕೈ ಎತ್ತುವುದು ತಯಾರಕರ ಹಕ್ಕು. ಅಕ್ಕುತಾಯಿಯ ಗಂಡ ಭರಮು ತಯಾರಕರು. ಕುಶಲಕರ್ಮಿ ಕಾರ್ಡು ಅವರ ಹೆಸರಿನಲ್ಲಿದೆ. ಮನೆಯ ಕಾಗದಪತ್ರಗಳಲ್ಲಿ ಹೆಂಡತಿಯ ಉದ್ಯೋಗದ ಮುಂದೆ ಮನೆಗೆಲಸ ಎಂದು ಬರೆಸಿದವರೂ ಅವರೇ.

ಕೇಳಿದರೆ ಭರಮು ಮುಚ್ಚಿಡುವುದಿಲ್ಲ. "ನಾನ ಬರಸೀನ್ರಿ. ಮನ್ಯಾಗ ಕುಂತ ಮಾಡ್ತಾಳಲ್ರಿ, ಅದಕ ಮನಿಗೆಲಸ ಅಂದ್ನಿ."

"ನೀವೂ ಮನ್ಯಾಗ ಕುಂತ ಅಟ್ಟಿ ಕಡೀತೀರಲ್ಲ ಮಾಲಕರ," ಎನ್ನುತ್ತಾರೆ ಅಕ್ಕುತಾಯಿ ಒಳಗಿನಿಂದ. "ನಿಮ್ಮದ್ಯಾಕ ಮನಿಗೆಲಸ ಆಗಲಿಲ್ಲ?"

ಭರಮು ತಲೆ ಕೆರೆದುಕೊಳ್ಳುತ್ತಾರೆ. "ಇಕಿ ಜೋಡಿ ಮಾತಾಡಾಕ ವಕೀಲ ಬೇಕ್ರಿ."

ವಾಪಸು ಬಂದ ಮಾಲಿನ ಒಂದು ಜೋಡಿಗೆ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿದೆ. ಗಿಡಮೂಲದ ಹದ, ಭೂಮಿಗೆ ಹಿತ, ಕುಶಲಕರ್ಮಿಯ ಕೈಯಿಂದ ನಿಮ್ಮ ಪಾದಕ್ಕೆ ಎಂದು ಅದರಲ್ಲಿದೆಯಂತೆ. ಜೊತೆಗೆ ಎರಡು ಕೈಗಳ ಚಿತ್ರ. ಅವು ಸಂಘದ ಅಧ್ಯಕ್ಷ ಲಕ್ಷ್ಮಣ ಅವರ ಕೈಗಳು. ಗಿಡಮೂಲದ ಹದ ಎಂಬುದು ನಿಜ. ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ಚರ್ಮ ತಿಂಗಳುಗಟ್ಟಲೆ ಕೂತು ಹದವಾಗುತ್ತದೆ. ಆದರೆ ಅದೇ ಅಂಗಡಿಯ ಕರಾರಿನಲ್ಲಿ ಐದು ಸಾವಿರ ಜೋಡಿ ಎಂಟು ತಿಂಗಳಿನಲ್ಲಿ ಬೇಕು, ಮಳೆಗಾಲ ಸೇರಿಸಿ. ತೊಗಟೆ ನೀರಿಗೆ ಅಷ್ಟು ಅವಸರವಿಲ್ಲ. ಅವಸರ ಮಾಡಿದವರು ರಾಸಾಯನಿಕಕ್ಕೆ ಕೈ ಹಾಕುತ್ತಾರೆ, ಆ ನೀರು ಓಣಿಯ ಗಟಾರಕ್ಕೇ ಹರಿಯುತ್ತದೆ. ಚೀಟಿಯಲ್ಲಿ ಹಿತವಾಗಿರುವ ಭೂಮಿ ಯಾವ ದೇಶದ್ದು ಎಂದು ಕೇಳಬೇಕೆನಿಸುತ್ತದೆ.

ಕಾಲೇಜಿನ ಪಠ್ಯದಲ್ಲಿ ಜಾಗತೀಕರಣಕ್ಕೆ ಒಂದು ಅಧ್ಯಾಯವಿರುತ್ತದೆ. ಅನುಕೂಲಗಳು ಆರು, ಅನಾನುಕೂಲಗಳು ಆರು, ಪರೀಕ್ಷೆಗೆ ಐದು ಅಂಕ. ಯಾರನ್ನು ಕೇಳಿ ಮಾಡಿದಿರಿ ಎಂಬ ಪ್ರಶ್ನೆ ಆ ಅಧ್ಯಾಯದಲ್ಲಿಲ್ಲ. ಅಕ್ಕುತಾಯಿಗೆ ಆ ಪದ ಗೊತ್ತಿಲ್ಲ, ಆದರೆ ಆ ಪ್ರಶ್ನೆ ಗೊತ್ತಿದೆ. ಹೊರದೇಶಕ್ಕೆ ಮಾರಬಾರದು ಎಂಬ ಮೊಂಡುತನವೂ ಅವರಲ್ಲಿಲ್ಲ. "ಮಾರ್ರಿ. ಜಗತ್ತಿನ ಕಾಲಿಗೆಲ್ಲಾ ಹಾಕ್ರಿ," ಎನ್ನುತ್ತಾರೆ. "ಬ್ಯಾರೆ ಹೆಣ್ಮಕ್ಕಳಿಗೂ ಡಾವ್ರಿ ಹೆಣಿಕಿ ಕಲಸ್ತೀನಿ. ದುಂಡವ್ವ ಈಗ ಕಲ್ಯಾಕತ್ತಾಳ, ಬಾಯಿ ಸೊಟ್ಟ ಮಾಡಿಕೋತ. ಆದ್ರ ಕಲತ ಕೈಗೆ ಕೀಲಿ ಹಾಕಾಕ ಬಿಡೂದಿಲ್ಲ. ರೊಕ್ಕದ ಮಾತು ಆಮ್ಯಾಲ. ಎಮ್ಮೆಲ್ಲೆ ಆರಿಸಾಕ ನನ್ನ ಓಟು ನಡೀತೈತಿ. ನನ್ನ ಕೈ ಮಾರಾಕ ನನ್ನ ಓಟು ಬ್ಯಾಡೇನು?"

ಹೀಗಾಗಿ ಹತ್ತೊಂಬತ್ತು ದಿನಗಳಿಂದ ಚೀಲ ಕಟ್ಟಿದಂತೆಯೇ ಇದೆ. ದಲ್ಲಾಳಿಯ ಫೋನುಗಳು ಬರುತ್ತಿವೆ. ಓಣಿಯಲ್ಲಿ ಮಾತು ಬಿಟ್ಟವರಿದ್ದಾರೆ. ಆರ್ಡರು ಹೋದರೆ ನಲವತ್ತಮೂರು ಮನೆಗಳ ಕೆಲಸ ಹೋಗುತ್ತದೆ ಎಂಬುದು ಸಣ್ಣ ಮಾತಲ್ಲ. ನೀರಿನ ನಳದ ಹತ್ತಿರ ಅವರಿಗೆ ಕೇಳಿಸುವಂತೆಯೇ ಹೇಳುತ್ತಾರೆ, ಡಾವ್ರಿಗೆ ಸೊಕ್ಕು ಬಂದೈತಿ ಎಂದು. ಅವರು ಕೊಡ ತುಂಬಿಕೊಂಡು ಬರುತ್ತಾರೆ. "ಸೊಕ್ಕು ಬರಾಕ ಐವತ್ತನಾಕ ವರ್ಷ ಹಿಡೀತು. ಬಂದದ್ದ ಇರಲಿ ಬಿಡು."

ಮೂರು ಗಂಟೆ. ಸಂಘದ ತಗಡಿನ ಶೆಡ್ಡಿನಲ್ಲಿ ಜಮಖಾನೆ ಹಾಸಿದೆ. ಕರೆಯದಿದ್ದರೂ ಅಕ್ಕುತಾಯಿ ಹೋಗುತ್ತಾರೆ. ಹಿಂದೆ ದುಂಡವ್ವ, ಸಪನಾ, ವೇಣಿ ಹೆಣೆಯುವ ಉಳಿದ ಏಳು ಮಂದಿ. ಬಾಗಿಲಲ್ಲಿ ಅಧ್ಯಕ್ಷ ಲಕ್ಷ್ಮಣ ಎದ್ದು ನಿಲ್ಲುತ್ತಾರೆ. ಕೆಟ್ಟ ಮನುಷ್ಯನಲ್ಲ. ಮೂರು ತಿಂಗಳು ಮುಂಬೈಗೆ ಅಲೆದು ಈ ಆರ್ಡರು ತಂದವರು ಅವರೇ.

"ವೈನಿ, ನೀವ್ಯಾಕ ತ್ರಾಸ ತೊಗೊಂಡ್ರಿ? ಹೆಣ್ಮಕ್ಕಳೆಲ್ಲಾ ಬಂದೀರಿ, ಚೊಲೋ ಆತು, ಒಂದೀಟ ಚಾ ಮಾಡ್ರಿ. ಏನ ಠರಾವಾಗತೈತಿ ಆಮ್ಯಾಲ ತಿಳಸ್ತೀವಿ."

"ಚಾ ನೀ ಮಾಡು ಲಕ್ಷ್ಮಣಾ," ಎನ್ನುತ್ತಾರೆ ಅಕ್ಕುತಾಯಿ. "ವೇಣಿನೂ ನೀ ಹೆಣಿ. ಸಹಿ ನಾ ಮಾಡ್ತೀನಿ. ಹ್ಯಾಂಗೈತಿ?"

ಕೆಲವರು ನಗುತ್ತಾರೆ. ಲಕ್ಷ್ಮಣ ನಗುವುದಿಲ್ಲ. "ಕಾಯ್ದೆ ಅಂತ ಒಂದ ಐತಿ ವೈನಿ. ಕಾರ್ಡ ಇದ್ದವರು ಸದಸ್ಯರು. ತಯಾರಕರು."

ಅಕ್ಕುತಾಯಿ ಸೆರಗಿನಡಿಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ನಾಲ್ಕು ಎಳೆ ತೆಗೆದು ಜಮಖಾನೆಯ ನಡುವೆ ಇಡುತ್ತಾರೆ. "ತಯಾರಕರು ಅದೀರಿ, ಹೌದಲ್ಲ? ನಲವತ್ತಮೂರ ಮಂದಿ. ಯಾರರ ಒಬ್ಬರು ಒಂದ ಗೇಣ ಹೆಣದ ತೋರಿಸ್ರಿ. ಎಡಕ್ಕ ಬ್ಯಾಡ. ಬಲಕ್ಕ ಹೆಣೀರಿ ಸಾಕು."

ಕೊನೆಗೆ ಹಿರಿಯ ಬಾಳಾಸಾಬ ಎಳೆಗಳನ್ನು ಎತ್ತಿ ಹೆಬ್ಬೆರಳಿಗೆ ಸಿಕ್ಕಿಸಿಕೊಳ್ಳುತ್ತಾರೆ. ಎರಡು ಸಲ ದಾಟಿಸುತ್ತಾರೆ, ಮೂರನೆಯದಕ್ಕೆ ಎಲ್ಲ ಸೇರಿ ಗಂಟಾಗುತ್ತದೆ. ದುಂಡವ್ವ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ. "ಅಜ್ಜಾ, ಅದನ್ನ ಚಪ್ಪಲಿಗೆ ಹಾಕಬ್ಯಾಡ, ಎಮ್ಮಿ ಕಟ್ಟಾಕ ಬರತೈತಿ."

ಬಾಳಾಸಾಬ ತಾವೂ ನಗುತ್ತಾರೆ. ಆಮೇಲೆ ನಗುವುದನ್ನು ನಿಲ್ಲಿಸುತ್ತಾರೆ. "ಬರೂದಿಲ್ಲ ಬಿಡ್ರಿ. ನಲವತ್ತ ವರ್ಷ ನಮ್ಮನ್ಯಾಕಿ ಹೆಣದದ್ದ ನಾ ಹೊಲದೀನಿ. ನಂದ ಅಂತ ಮಾರೀನಿ."

ಸಪನಾ ಅಷ್ಟರಲ್ಲಿ ಗೋಡೆಯ ಹತ್ತಿರ ಹೋಗಿದ್ದಾಳೆ. ಅಲ್ಲಿ ಗಾಜಿನ ಚೌಕಟ್ಟಿನಲ್ಲಿ ಸಂಘದ ನಿಯಮಾವಳಿ ಹದಿನೈದು ವರ್ಷಗಳಿಂದ ತೂಗುತ್ತಿದೆ. ಸೆರಗಿನಿಂದ ಧೂಳು ಒರೆಸಿ ಗಟ್ಟಿಯಾಗಿ ಓದುತ್ತಾಳೆ: "ಚಪ್ಪಲಿ ತಯಾರಿಕೆಯ ಯಾವುದೇ ಕೆಲಸವನ್ನು ಮಾಡುವ, ಹದಿನೆಂಟು ವರ್ಷ ತುಂಬಿದ ಯಾರೇ ಆಗಲಿ ಸದಸ್ಯರಾಗಲು ಅರ್ಹರು." ಕಾರ್ಡಿನ ಮಾತು ಅದರಲ್ಲಿ ಎಲ್ಲಿಯೂ ಇಲ್ಲ. ಅದು ರೂಢಿ, ಅಷ್ಟೆ. ಹದಿನೈದು ವರ್ಷ ಅದರ ಕೆಳಗೇ ಕೂತು ಸಭೆ ನಡೆಸಿದ್ದಾರೆ.

"ಅದನ್ನ ಯಾರು ಓದಾಕ ಹೇಳಿದ್ರು ನಿನಗ?" ಎಂದು ಲಕ್ಷ್ಮಣ ಗದರುತ್ತಾರೆ. ಹೇಳಿದ ಮೇಲೆ ತಮ್ಮ ಮಾತು ತಮಗೇ ಕೇಳಿಸಿ ಕೂತುಬಿಡುತ್ತಾರೆ.

ಒಂದು ಗಂಟೆ ಜಗಳವಾಗುತ್ತದೆ. ಮರಾಠಿಯಲ್ಲಿ ಶುರುವಾದ ಬೈಗುಳ ಕನ್ನಡದಲ್ಲಿ ಮುಗಿಯುತ್ತದೆ, ಕನ್ನಡದ್ದು ಮರಾಠಿಯಲ್ಲಿ. ಕಡೆಗೆ ಬಾಳಾಸಾಬರೇ ಸದಸ್ಯರ ಪುಸ್ತಕ ಎಳೆದುಕೊಂಡು ಲಕ್ಷ್ಮಣರ ಮುಂದೆ ಇಡುತ್ತಾರೆ. ಒಂಬತ್ತು ಹೆಸರು ಬರೆಯಲಾಗುತ್ತದೆ. ಮೊದಲನೆಯದನ್ನು ಲಕ್ಷ್ಮಣ ಭರಮು ಅವರ ಪತ್ನಿ ಎಂದು ಶುರುಮಾಡುತ್ತಾರೆ. ಸಪನಾ ಬೆರಳಿಟ್ಟು ತೋರಿಸಿದ ಮೇಲೆ ಹೊಡೆದುಹಾಕಿ, ಅಕ್ಕುತಾಯಿ ಹೊನಕಾಂಬಳೆ, ವೇಣಿ ತಯಾರಕರು ಎಂದು ಬರೆಯುತ್ತಾರೆ.

ಆಮೇಲೆ ಠರಾವು. ಕರಾರಿಗೆ ಇದ್ದಂತೆಯೇ ಸಹಿ ಹಾಕುವುದೋ, ಎಂಟನೆಯ ಪುಟದ ಆ ಕಲಮನ್ನು ಹೊಡೆದು ವಾಪಸು ಕಳಿಸುವುದೋ. ಕೈ ಎತ್ತಿಸಿ ಎಣಿಸುತ್ತಾರೆ. ಸಹಿ ಹಾಕೋಣ ಎಂದವರು ಇಪ್ಪತ್ತೈದು. ಅವರಲ್ಲಿ ವೇಣಿ ಹೆಣೆಯುವ ಒಬ್ಬ ಹೆಂಗಸೂ ಇದ್ದಾರೆ, ಭರಮುವೂ ಇದ್ದಾರೆ. ಕಲಮನ್ನು ಹೊಡೆಯಬೇಕು ಎಂದವರು ಇಪ್ಪತ್ತೇಳು.

ಗೆದ್ದರು ಎಂದು ಬರೆಯುವ ಅವಸರ ಬೇಡ. ಸಭೆ ಮುಗಿದ ಅರ್ಧ ಗಂಟೆಗೇ ದಲ್ಲಾಳಿ ಫೋನಿನಲ್ಲಿ ಹೇಳಿದ್ದಾರೆ, ಇಂಥ ಹಟ ಮಾಡಿದರೆ ಅಂಗಡಿಯವರು ಬೇರೆ ಎಲ್ಲಿಯಾದರೂ ಯಂತ್ರದಲ್ಲೇ ಹೆಣೆಸಿಕೊಳ್ಳುತ್ತಾರೆ ಎಂದು. ಹೆಣೆಸಿಕೊಳ್ಳಲೂಬಹುದು. ಅದನ್ನು ತಡೆಯುವ ಕಾಯ್ದೆ ಯಾವ ಶೆಡ್ಡಿನ ಗೋಡೆಯ ಮೇಲೂ ತೂಗುತ್ತಿಲ್ಲ. ಉತ್ತರ ಬರುವವರೆಗೆ ಲಕ್ಷ್ಮಣ ನಿದ್ದೆ ಮಾಡುವುದಿಲ್ಲ, ಓಣಿಯೂ ಅಷ್ಟೆ.

ಅಕ್ಕುತಾಯಿ ಮನೆಯ ಕಡೆ ಹೊರಟಿದ್ದಾರೆ. ಭರಮು ನಾಲ್ಕು ಹೆಜ್ಜೆ ಹಿಂದೆ, ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದಾರೆ. ಗಂಡನೇ ಎದುರು ಕೈ ಎತ್ತಿದನಲ್ಲ, ಸಿಟ್ಟು ಬರಲಿಲ್ಲವೇ ಎಂದರೆ ಆಕೆ ನಿಂತು, ತಿರುಗಿ ಒಮ್ಮೆ ಅವರನ್ನು ನೋಡುತ್ತಾರೆ.

"ಸಿಟ್ಟ್ಯಾಕ ತಂಗಿ? ಅಂವಗ ಆರ್ಡರ ಬೇಕು, ಅಂವ ತನ್ನ ಓಟ ಹಾಕಿದ. ನನಗ ಕೀಲಿ ಬ್ಯಾಡ, ನಾ ನಂದ ಹಾಕಿದ್ನಿ. ಇಷ್ಟ ದಿವಸ ಎರಡೂ ಅಂವನ ಹಾಕತಿದ್ದ."